ಮೇಲ್ನೋಟ ಕೆಳಗೇಕೆ?

ಒಂಬತ್ತನೇ ತರಗತಿಗೆ ಆರ್ಥೋಗ್ರಾಫಿಕ್ ಪ್ರೊಜೆಕ್ಷನ್, ಅಂದರೆ ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಬೇರೆ ಬೇರೆ ಚಿತ್ರವಾಗಿ ಬರೆಯುವ ಪಾಠ, ಶುರು ಮಾಡಿದ ವಾರದಲ್ಲೇ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಸಾರ್, ಮೇಲಿನಿಂದ ನೋಡಿದ್ದನ್ನು ಕೆಳಗೆ ಬರೆಯಿರಿ ಎನ್ನುತ್ತೀರಿ. ಎಡಗಡೆಯಿಂದ ನೋಡಿದ್ದನ್ನು ಬಲಗಡೆ ಬರೆಯಬೇಕಂತೆ. ಇದೇನು ತಿರುಗುಮುರುಗು?’

ಮೊದಲ ಕೆಲವು ವರ್ಷ ನನ್ನ ಉತ್ತರ ಒಂದೇ: ‘ನಿಯಮ ಹಾಗಿದೆ, ಬರೆದುಕೊಳ್ಳಿ.’ ನನ್ನ ಮೇಷ್ಟ್ರು ನನಗೆ ಕೊಟ್ಟದ್ದೂ ಅದೇ. ಮಕ್ಕಳು ಬರೆದುಕೊಂಡರು, ಅಂಕವನ್ನೂ ತೆಗೆದರು. ಆದರೆ ಪುಸ್ತಕದಲ್ಲಿಲ್ಲದ ವಸ್ತುವೊಂದನ್ನು ಎದುರಿಗಿಟ್ಟರೆ ಒಬ್ಬರ ಪೆನ್ಸಿಲ್ಲೂ ಅಲುಗುತ್ತಿರಲಿಲ್ಲ.

ಈಗ ಮೊದಲ ವಾರ ಡ್ರಾಯಿಂಗ್ ಶೀಟನ್ನೇ ಬಿಚ್ಚಿಸುವುದಿಲ್ಲ. ಬಟ್ಟೆ ಒಗೆಯುವ ಬಾರ್ ಸೋಪು ತರಿಸುತ್ತೇನೆ. ದಾರದಲ್ಲಿ ಕೊಯ್ದರೆ ಅಂಚು ನೇರವಾಗಿ ಬರುತ್ತದೆ, ಚಾಕುವಿನ ಭಯವೂ ಇಲ್ಲ. ಹಿಂದೊಮ್ಮೆ ಮೂಲಂಗಿಯಲ್ಲಿ ಮಾಡಿ ನೋಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಾಡಿ ಸೊಟ್ಟಗಾಯಿತು. ಸೋಪಿನಲ್ಲಿ ಎರಡು ಮೆಟ್ಟಿಲಿನ ಒಂದು ತುಂಡು ಮಾಡಿಕೊಂಡರೆ ಸಾಕು. ಪಾಠ ಮುಗಿದ ಮೇಲೆ ಸೋಪು ಮನೆಗೆ ಹೋಗುತ್ತದೆ. ತಾಯಂದಿರಿಂದ ಈವರೆಗೆ ದೂರು ಬಂದಿಲ್ಲ.

ಇನ್ನು ಬೇಕಾದದ್ದು ಹಳೆಯ ನೋಟ್‌ಬುಕ್ಕಿನ ರಟ್ಟು. ಒಂದು ರಟ್ಟನ್ನು ಗೋಡೆಯಂತೆ ನಿಲ್ಲಿಸಿ, ಇನ್ನೊಂದನ್ನು ನೆಲದಂತೆ ಮಲಗಿಸಿ. ಎರಡೂ ಸೇರುವ ಮಡಿಕೆಯೇ ಶೀಟಿನಲ್ಲಿ ಎಕ್ಸ್‌-ವೈ ಗೆರೆಯಾಗುತ್ತದೆ, ಅಂದರೆ ಎರಡು ನೋಟಗಳನ್ನು ಬೇರ್ಪಡಿಸುವ ಗೆರೆ. ಸೋಪಿನ ಮೆಟ್ಟಿಲನ್ನು ನೆಲದ ಮೇಲೆ, ಗೋಡೆಯ ಮುಂದೆ ಇಡಿ. ಎದುರಿನಿಂದ ನೋಡಿದಾಗ ಅದರ ಆಕೃತಿ ಹಿಂದಿರುವ ಗೋಡೆಗೆ ಒತ್ತುತ್ತದೆ, ಮೇಲಿನಿಂದ ನೋಡಿದಾಗ ಅಡಿಯಲ್ಲಿರುವ ನೆಲಕ್ಕೆ. ಎರಡನ್ನೂ ಆಯಾ ರಟ್ಟಿನ ಮೇಲೆ ಬರೆದು ಸೋಪನ್ನು ತೆಗೆದಿಡಿ. ಗೋಡೆಯನ್ನು ಹಿಂದಕ್ಕೆ ಮಲಗಿಸಿ. ಮೇಲ್ನೋಟ ತಾನಾಗಿಯೇ, ಎದುರಿನಿಂದ ಕಂಡ ಮುನ್ನೋಟದ ಕೆಳಗಿದೆ! ಇದನ್ನು ಹೇಳಿ ತೋರಿಸಬಾರದು, ರಟ್ಟನ್ನು ಮಕ್ಕಳ ಕೈಯಲ್ಲೇ ಮಲಗಿಸಬೇಕು.

ಈ ಉಪಾಯವನ್ನು ಶಾಸ್ತ್ರವಾಗಿ ಕಟ್ಟಿದವನು ಫ್ರಾನ್ಸಿನ ಗಣಿತಜ್ಞ ಗ್ಯಾಸ್ಪಾರ್ ಮೊಂಜ್. ಕೋಟೆ ಕಟ್ಟುವ ಲೆಕ್ಕಾಚಾರಕ್ಕೆ ಬಳಕೆಯಾಗುತ್ತಿದ್ದ ಇದನ್ನು ಅಲ್ಲಿನ ಸೇನೆ ಹಲವು ವರ್ಷ ಗುಟ್ಟಾಗಿಟ್ಟಿತ್ತು. ಪುಸ್ತಕವಾಗಿ ಹೊರಬಂದದ್ದು 1799ರಲ್ಲಿ. ಗುಟ್ಟು ಎಂದ ಕೂಡಲೇ ಹಿಂದಿನ ಬೆಂಚೂ ಎಚ್ಚರಗೊಳ್ಳುತ್ತದೆ.

ರಟ್ಟಿಗೆ ಒತ್ತಿದ ಆಕೃತಿಯನ್ನು ನೆರಳು ಎಂದು ವಿವರಿಸಿದರೆ ಇನ್ನೂ ಬೇಗ ತಲೆಗೆ ಹತ್ತುತ್ತದೆ, ಆದರೆ ಟಾರ್ಚ್ ಹಿಡಿಯಬೇಡಿ. ಅದರ ಕಿರಣಗಳು ಅಗಲವಾಗಿ ಹರಡುವುದರಿಂದ ನೆರಳು ಊದಿಕೊಳ್ಳುತ್ತದೆ. ನಮಗೆ ಬೇಕಾದದ್ದು ಸಮಾಂತರ ಕಿರಣ, ಅದೂ ಸಮತಲಕ್ಕೆ ನೆಟ್ಟಗೆ ಬೀಳುವಂಥದ್ದು. ಕೋಲಾರ ಈ ವಿಷಯದಲ್ಲಿ ಅದೃಷ್ಟದ ಊರು. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೇ ವಾರದಲ್ಲಿ, ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಆಗಸ್ಟ್‌ನಲ್ಲಿ ಮಧ್ಯಾಹ್ನ 12.20ರ ಸುಮಾರಿಗೆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು, ಸೋಪಿನ ತುಂಡನ್ನು ದಾರದಲ್ಲಿ ತೂಗಿಬಿಟ್ಟು, ಕೆಳಗಿನ ಕಾಗದದ ಮೇಲೆ ಬಿದ್ದ ನೆರಳಿನ ಸುತ್ತ ಗೆರೆ ಎಳೆಸುತ್ತೇನೆ. ಮೋಡ ಕವಿದರೆ ಆ ವರ್ಷದ ಪಾಠ ಹೋಯಿತು, ಎರಡು ಸಲ ಹಾಗಾಗಿದೆ. ನೆರಳಿನಲ್ಲಿ ಹೊರಗೆರೆ ಮಾತ್ರ ಸಿಗುತ್ತದೆ. ಮೆಟ್ಟಿಲುಗಳ ನಡುವಿನ ಅಂಚನ್ನು ಕಣ್ಣು ತುಂಬಿಕೊಳ್ಳಬೇಕು. ಕಣ್ಣಿಗೆ ಕಾಣದ ಅಂಚಿಗೆ ತುಂಡು ಗೆರೆ ಎಂಬುದನ್ನು ಅಲ್ಲೇ ಹೇಳಿ ಮುಗಿಸುತ್ತೇನೆ.

ಹೀಗೆ ಮೇಲ್ನೋಟವನ್ನು ಮುನ್ನೋಟದ ಕೆಳಗೆ ಬರೆಯುವುದು ಫಸ್ಟ್ ಆ್ಯಂಗಲ್ ಪದ್ಧತಿ. ಶಾಲಾ ಕಾಲೇಜುಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಹೊರತಂದಿರುವ ಎಸ್‌ಪಿ 46 ಕೈಪಿಡಿ ಹೇಳುವುದೂ ಇದನ್ನೇ. ಆದರೆ ನಮ್ಮ ಮಕ್ಕಳು ಮುಂದೆ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಹೋಗುವವರು. ಜಪಾನ್, ಅಮೆರಿಕಗಳಲ್ಲಿ ಥರ್ಡ್ ಆ್ಯಂಗಲ್ ರೂಢಿ. ಅಲ್ಲಿಂದ ಬಂದ ನಕ್ಷೆಯಲ್ಲಿ ಮೇಲ್ನೋಟ ಮೇಲೆಯೇ ಇರುತ್ತದೆ. ಹಾಗಾಗಿ ನಕ್ಷೆ ಕೈಗೆ ಬಂದರೆ ಮೊದಲು ಅದರಲ್ಲಿರುವ ಪುಟ್ಟ ಚಿಹ್ನೆಯನ್ನು ಹುಡುಕಿ ಎನ್ನುತ್ತೇನೆ. ತುದಿ ಕತ್ತರಿಸಿದ ಶಂಕುವಿನ ಚಿತ್ರ ಎಡಕ್ಕೂ ಎರಡು ವೃತ್ತಗಳು ಬಲಕ್ಕೂ ಇದ್ದರೆ ಫಸ್ಟ್ ಆ್ಯಂಗಲ್, ಅದಲುಬದಲಾಗಿದ್ದರೆ ಥರ್ಡ್. ಇದನ್ನು ನೋಡದೆ ಬಿಡಿಭಾಗ ಕೊರೆದರೆ ಎಡದ ತೂತು ಬಲಕ್ಕೆ ಹೋದೀತು.

ಕೊನೆಯ ವಾರ ನನಗೆ ಬಹಳ ಇಷ್ಟವಾದ ಅಭ್ಯಾಸವಿದೆ. ಹಲಗೆಯ ಮೇಲೆ ಒಂದು ಚೌಕ, ಅದರ ಕೆಳಗೆ ಅಷ್ಟೇ ದೊಡ್ಡ ಇನ್ನೊಂದು ಚೌಕ ಬರೆಯುತ್ತೇನೆ. ಮುನ್ನೋಟ ಚೌಕ, ಮೇಲ್ನೋಟವೂ ಚೌಕ. ವಸ್ತು ಯಾವುದು? ‘ಘನ’ ಎಂದು ಇಡೀ ತರಗತಿ ಒಟ್ಟಿಗೆ ಕೂಗುತ್ತದೆ. ಕನ್ನಡದಲ್ಲಿ ‘ಮೇಲ್ನೋಟಕ್ಕೆ’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆಯಲ್ಲ, ಅದನ್ನು ನೆನಪಿಸಿ ಸೋಪು ಕೈಗೆ ಕೊಡುತ್ತೇನೆ. ಹಿಂದಿನ ಮೇಲಂಚಿನಿಂದ ಮುಂದಿನ ಕೆಳಂಚಿಗೆ ಓರೆಯಾಗಿ ಕೊಯ್ದರೆ ಆಗುವ ಬೆಣೆಗೂ ಅವೇ ಎರಡು ಚೌಕ. ಆ ಓರೆಯನ್ನು ಹೊರಕ್ಕೆ ಉಬ್ಬಿಸಿ ಕಾಲು ಉರುಳೆ ಮಾಡಿದರೂ ಅಷ್ಟೇ. ಪಾರ್ಶ್ವನೋಟ ಬರೆಯುವವರೆಗೆ ಯಾವುದು ಯಾವುದೆಂದು ಹೇಳುವಂತಿಲ್ಲ.

ನನ್ನ ಬಳಿ ಇದ್ದದ್ದು ಈ ಮೂರು ಉತ್ತರ. ಕಳೆದ ವರ್ಷ ಹುಡುಗಿಯೊಬ್ಬಳು ಓರೆಯನ್ನು ಒಳಕ್ಕೆ ತೋಡಿ, ಪಾರ್ಕಿನ ಜಾರುಬಂಡೆಯಂಥ ತುಂಡೊಂದನ್ನು ಮೇಜಿನ ಮೇಲಿಟ್ಟಳು. ರಟ್ಟಿನ ಮುಂದೆ ಇಟ್ಟು ಎದುರಿನಿಂದ ನೋಡಿದೆ, ಚೌಕ. ಎದ್ದು ನಿಂತು ಮೇಲಿನಿಂದ ಬಗ್ಗಿ ನೋಡಿದೆ, ಅದೂ ಚೌಕ.