ಅಕ್ಷರ ಕಲಿಸಿದ ಶಿಕ್ಷಕಿ ಹೋರಾಟಗಾರ್ತಿ ಹೇಗಾದರು?

ಪ್ರಶ್ನೆ: ಸೆಪ್ಟಿಮಾ ಕ್ಲಾರ್ಕ್ ದೊಡ್ಡವರಿಗೆ ಓದು ಬರಹ ಕಲಿಸಿದ ಶಿಕ್ಷಕಿ. ಅವರನ್ನು ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಗಾರರ ಸಾಲಿಗೆ ಏಕೆ ಸೇರಿಸುತ್ತಾರೆ?
– ಗಂಗಾವತಿಯ ಓದುಗರೊಬ್ಬರು

ಉತ್ತರ: ಕೊಪ್ಪಳ, ರಾಯಚೂರು ಸೀಮೆಯವರಿಗೆ ಈ ಪ್ರಶ್ನೆ ಏಳುವುದು ಸಹಜವೇ. ಈ ಭಾಗ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹೆಬ್ಬೆಟ್ಟಿನವರೂ ಚಿಹ್ನೆ ನೋಡಿ, ಆಯಾ ಅಭ್ಯರ್ಥಿಯ ಪೆಟ್ಟಿಗೆಗೆ ಚೀಟಿ ಹಾಕಿ ಬಂದಿದ್ದರು. ನಮ್ಮ ಸಂವಿಧಾನ ಮತಕ್ಕೂ ಅಕ್ಷರಕ್ಕೂ ಗಂಟು ಹಾಕಲಿಲ್ಲ. ಕ್ಲಾರ್ಕ್ ಅವರ ದಕ್ಷಿಣ ಕೆರೊಲಿನಾದಲ್ಲಿ ಆ ಗಂಟು ಇತ್ತು: ನಿಗದಿತ ಬೆಲೆಯ ಆಸ್ತಿ ಇಲ್ಲದವರು ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯ ಸಂವಿಧಾನದ ಭಾಗವೊಂದನ್ನು ಅಧಿಕಾರಿಯ ಎದುರು ಓದಬೇಕಿತ್ತು. ಕಪ್ಪು ಜನರಿಗೆ ಒಳ್ಳೆಯ ಶಾಲೆ ಕೊಡದ ಸರ್ಕಾರವೇ ಅವರಿಗೆ ಓದಿನ ಪರೀಕ್ಷೆ ಇಟ್ಟಿತ್ತು.

1898ರಲ್ಲಿ ಚಾರ್ಲ್‌ಸ್ಟನ್ನಿನಲ್ಲಿ ಹುಟ್ಟಿದ ಕ್ಲಾರ್ಕ್ ಅವರ ತಂದೆ ಗುಲಾಮಗಿರಿಯಲ್ಲಿ ಜನಿಸಿದವರು. ತಮ್ಮದೇ ಊರಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಶಿಕ್ಷಕರಿಗೆ ಜಾಗವಿಲ್ಲದ್ದರಿಂದ ಕ್ಲಾರ್ಕ್ 1916ರಲ್ಲಿ ಜಾನ್ಸ್ ದ್ವೀಪದ ಶಾಲೆಗೆ ಪಾಠ ಹೇಳಲು ಹೋದರು. 1956ರಲ್ಲಿ, ಅಂದರೆ ಇತ್ತ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಸರ್ಕಾರಿ ನೌಕರರು ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಘಟನೆಯ ಸದಸ್ಯರಾಗಿರಬಾರದೆಂಬ ಕಾನೂನು ಅಲ್ಲಿ ಬಂದಾಗ, ಕ್ಲಾರ್ಕ್ ಸದಸ್ಯತ್ವ ಬಿಡಲು ಒಪ್ಪದೆ ನಲವತ್ತು ವರ್ಷಗಳ ನೌಕರಿಯನ್ನೂ ಪಿಂಚಣಿಯನ್ನೂ ಕಳೆದುಕೊಂಡರು.

ಮರುವರ್ಷ ಜನವರಿಯಲ್ಲಿ ಅದೇ ದ್ವೀಪದಲ್ಲಿ, ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಕ್ಲಾರ್ಕ್ ಮತ್ತು ಸಂಗಡಿಗರು ರೂಪಿಸಿದ, 14 ಮಂದಿಯ ಮೊದಲ ‘ಪೌರತ್ವ ಶಾಲೆ’ ಆರಂಭವಾಯಿತು. ಮುಂದೆ ಅಂಗಡಿ ಇದ್ದದ್ದು ಬಿಳಿಯರಿಗೆ ಸಂಶಯ ಬಾರದಿರಲೆಂದು. ಪಾಠ ಹೇಳಿದವರು ಕ್ಲಾರ್ಕ್ ಅವರ ಬಂಧು, ಕೇಶಾಲಂಕಾರದ ಕಸುಬಿನ ಬರ್ನಿಸ್ ರಾಬಿನ್ಸನ್. ವೃತ್ತಿಶಿಕ್ಷಕರು ವಯಸ್ಕರನ್ನು ಮಕ್ಕಳಂತೆ ಗದರಿಸಿಯಾರು ಎಂಬ ಅಳುಕಿನಿಂದ ಮಾಡಿದ ಈ ಆಯ್ಕೆಯೇ ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಜಾಣತನ. ರಟ್ಟಿನ ಮೇಲೆ ಬರೆದ ತಮ್ಮ ಹೆಸರನ್ನೇ ಕಲಿಯುವವರು ಕೈಗೆ ರೂಢಿಯಾಗುವ ತನಕ ತಿದ್ದುತ್ತಿದ್ದರು. ಆಮೇಲೆ ಮನಿಯಾರ್ಡರ್ ಫಾರ್ಮು ತುಂಬುವುದು, ಆಮೇಲೆ ಸಂವಿಧಾನ.

1970ರ ಹೊತ್ತಿಗೆ ಇಂಥ ಶಾಲೆಗಳು ಸುಮಾರು 900 ನಡೆದಿದ್ದವು. ಓದಿನ ಪರೀಕ್ಷೆಗೆ 1965ರ ಮತದಾನ ಹಕ್ಕು ಕಾಯ್ದೆ ತಡೆ ಹಾಕಿತು. ಇಷ್ಟಾದರೂ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯೊಳಗೆ ಗಂಡಸರು ತಮ್ಮ ಮಾತಿಗೆ ಕಿವಿಗೊಡುತ್ತಿರಲಿಲ್ಲ ಎಂಬ ಬೇಸರ ಕ್ಲಾರ್ಕ್ ಅವರಿಗಿತ್ತು; ಅವರ ಹೆಸರು ನಮ್ಮವರೆಗೆ ತಡವಾಗಿ ತಲುಪಿದ್ದಕ್ಕೆ ಅದೂ ಒಂದು ಕಾರಣವಿರಬಹುದು. ಕಳೆದುಕೊಂಡ ಪಿಂಚಣಿ ಅವರಿಗೆ ಮರಳಿ ಮಂಜೂರಾದದ್ದು 1976ರಲ್ಲಿ, 78ನೆಯ ವಯಸ್ಸಿನಲ್ಲಿ. ಅಷ್ಟರಲ್ಲಿ ಅವರು ಚಾರ್ಲ್‌ಸ್ಟನ್ನಿನ ಶಾಲಾ ಮಂಡಳಿಗೇ ಚುನಾಯಿತ ಸದಸ್ಯರಾಗಿದ್ದರು.