ಚಿನ್ನದ ಹಿಡಿ ಇರೋ ಸರ್ಜರಿ ಕತ್ತರಿ ನಿಜವಾಗ್ಲೂ ಜಾಸ್ತಿ ದಿನ ಬಾಳುತ್ತಾ?

ಪ್ರಶ್ನೆ: ನಾನು ಓಟಿ (ಆಪರೇಷನ್ ಥಿಯೇಟರ್) ಟೆಕ್ನೀಶಿಯನ್ ಕೋರ್ಸ್ ಮಾಡ್ತಿದೀನಿ. ನಮ್ಮಲ್ಲಿ ಕೆಲವು ಕತ್ತರಿ, ಹೊಲಿಗೆ ಸೂಜಿ ಹಿಡಿಯೋ ನೀಡಲ್ ಹೋಲ್ಡರ್‌ಗಳ ಹಿಡಿ ಮಾತ್ರ ಚಿನ್ನದ ಬಣ್ಣ, ರೇಟೂ ಜಾಸ್ತಿಯಂತೆ. ಅದು ನಿಜವಾದ ಚಿನ್ನದ ಕೋಟಿಂಗಾ? ಅದಿದ್ರೆ ಹರಿತ ಜಾಸ್ತಿ ದಿನ ಉಳಿಯುತ್ತಾ?

ಉತ್ತರ: ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ, ಓಟಿ ಸಿಸ್ಟರ್‌ಗಳು ಕೇಳ್ತಾರೆ, ಹೊಸದಾಗಿ ಕ್ಲಿನಿಕ್ ತೆಗೆಯೋ ಡಾಕ್ಟರ್‌ಗಳೂ ಕೇಳ್ತಾರೆ. ಮೊದಲು ನೇರ ಉತ್ತರ ಹೇಳಿಬಿಡ್ತೀನಿ. ಹಿಡಿ ಮೇಲಿರೋದು ಸಾಮಾನ್ಯವಾಗಿ ತುಂಬಾ ತೆಳ್ಳಗಿನ ಚಿನ್ನದ ಪ್ಲೇಟಿಂಗ್, ಅದು ಬರೀ ಗುರುತು. ಈ ಉಪಕರಣದ ಬಾಯಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದೆ ಅಂತ ದೂರದಿಂದಲೇ ಗೊತ್ತಾಗ್ಲಿ ಅಂತ ಹಾಕಿರೋದು. ಬಾಳಿಕೆ ಕೊಡೋದು ಆ ಕಾರ್ಬೈಡು, ಮತ್ತೆ ಅದಕ್ಕಿಂತ ಮುಖ್ಯವಾಗಿ ಆ ಕಾರ್ಬೈಡನ್ನ ಸ್ಟೀಲಿಗೆ ಹಿಡಿದಿಟ್ಟಿರೋ ಬೆಸುಗೆ. ಇದರ ಬಗ್ಗೆ ಯಾರೂ ಕೇಳಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಟಂಗ್‌ಸ್ಟನ್ ಕಾರ್ಬೈಡ್ ಅಂದ್ರೆ ಯಾವುದೋ ದೂರದ ವಸ್ತು ಅನ್ಕೋಬೇಡಿ. ಗೋಡೆಗೆ ತೂತು ಕೊರೆಯೋ ಡ್ರಿಲ್ ಬಿಟ್ ತುದೀಲಿ ಸಣ್ಣ ಬೂದು ಬಣ್ಣದ ತುಂಡು ಕೂತಿರುತ್ತಲ್ಲ, ಅದೇ ಇದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ವರ್ಕ್‌ಶಾಪುಗಳಲ್ಲಿ ಇದನ್ನ ಈಗಲೂ ವಿಡಿಯಾ ಅಂತಾನೇ ಕರೆಯೋದು, ವಿಡಿಯಾ ಟಿಪ್ಪು, ವಿಡಿಯಾ ಬಿಟ್ಟು. ಆ ಹೆಸರು ಜರ್ಮನಿಯಿಂದ ಬಂದಿದ್ದು. 1923ರಲ್ಲಿ ಓಸ್ರಾಮ್ ಬಲ್ಬ್ ಕಂಪನಿಯ ಕಾರ್ಲ್ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನ ಕೋಬಾಲ್ಟ್ ಜೊತೆ ಸೇರಿಸಿ ಕಾಯಿಸಿ ಗಟ್ಟಿ ತುಂಡು ಮಾಡೋ ವಿಧಾನಕ್ಕೆ ಪೇಟೆಂಟ್ ಹಾಕಿದ್ರು, ಅವರಿಗೆ ಬೇಕಿದ್ದದ್ದು ಬಲ್ಬಿನ ತಂತಿ ಎಳೆಯೋ ಅಚ್ಚು. ಆಮೇಲೆ ಕ್ರುಪ್ ಕಂಪನಿ ಅದನ್ನ ವಿಡಿಯಾ ಅನ್ನೋ ಹೆಸರಲ್ಲಿ ಮಾರ್ತು, ಜರ್ಮನ್ನಲ್ಲಿ ವೀ ಡಿಯಾಮಂಟ್ ಅಂದ್ರೆ ವಜ್ರದ ಹಾಗೆ ಅಂತ. ಬೆಂಗಳೂರಿನ ತುಮಕೂರು ರಸ್ತೇಲಿ ವಿಡಿಯಾ ಹೆಸರಿನ ಫ್ಯಾಕ್ಟರಿನೇ ಇತ್ತು, ಈಗ ಅದು ಕೆನ್ನಮೆಟಲ್. ನಾನು ಕೆಲಸ ಕಲಿತಿದ್ದು ಪೀಣ್ಯದ ಒಂದು ಸಣ್ಣ ಟೂಲ್ ರೂಮಿನಲ್ಲಿ, ಲೇತ್ ಟೂಲಿಗೆ ವಿಡಿಯಾ ಟಿಪ್ ಬೆಸೆಯೋ ಕೆಲಸ. ಸರ್ಜರಿ ಉಪಕರಣದ ರಿಪೇರಿ, ಸಾಣೆ ಎಲ್ಲಾ ಆಮೇಲೆ ಬಂದಿದ್ದು.

ಈಗ ಇದು ಯಾಕೆ ಬೇಕು ಅಂತ ನೋಡೋಣ. ನೀಡಲ್ ಹೋಲ್ಡರ್ ತಗೊಳ್ಳಿ. ಹೊಲಿಗೆ ಸೂಜಿ ಕೂಡ ಗಟ್ಟಿ ಸ್ಟೀಲೇ, ಹೋಲ್ಡರಿನ ಬಾಯೂ ಸ್ಟೀಲೇ ಆದ್ರೆ ಸೂಜಿ ಅದನ್ನ ದಿನಾ ಸವೆಸ್ತಾ ಹೋಗುತ್ತೆ, ಒಂದಿನ ಚರ್ಮ ಹೊಲಿಯೋವಾಗ ಸೂಜಿ ಬಾಯೊಳಗೆ ತಿರುಗಿಬಿಡುತ್ತೆ. ಹದ ಮಾಡಿದ, ಅಂದ್ರೆ ಕಾಯಿಸಿ ತಣಿಸಿ ಗಡುಸು ಮಾಡಿದ ಸರ್ಜಿಕಲ್ ಸ್ಟೀಲಿನ ಗಡಸುತನ ವಿಕರ್ಸ್ ಅಳತೇಲಿ ಸುಮಾರು 550, ಕಾರ್ಬೈಡಿಂದು ಸುಮಾರು 1,400. ಅಂದ್ರೆ ಸೂಜಿ ಅದನ್ನ ಸುಲಭಕ್ಕೆ ಸವೆಸಕ್ಕಾಗಲ್ಲ. ದಪ್ಪ ಸೂಜಿಯ ಹೋಲ್ಡರ್ ಆದ್ರೆ ಬಾಯಲ್ಲಿ ಒರಟು ಚೌಕುಳಿ, ಸಣ್ಣ ಸೂಜಿಗೆ ನಯವಾದ ಚೌಕುಳಿ, ಕಣ್ಣಿನ ಆಪರೇಷನ್ನಿನ ಕೂದಲಂಥ ದಾರಕ್ಕೆ ಪೂರ್ತಿ ನುಣುಪು. ಕತ್ತರೀಲೂ ಅಷ್ಟೇ, ಅಲಗಿನ ಅಂಚಿಗೆ ಮಾತ್ರ ಕಾರ್ಬೈಡ್ ಪಟ್ಟಿ, ಮಿಕ್ಕಿದ್ದೆಲ್ಲಾ ಸ್ಟೀಲು. ಪೂರ್ತಿ ಕಾರ್ಬೈಡಲ್ಲೇ ಯಾಕೆ ಮಾಡಲ್ಲ ಅಂದ್ರೆ ಅದು ಗಟ್ಟಿ ಇದ್ದಷ್ಟೇ ಪೆಳಸು, ಕೈತಪ್ಪಿ ನೆಲಕ್ಕೆ ಬಿದ್ರೆ ಪಿಂಗಾಣಿ ಥರ ಚಕ್ಕೆ ಏಳುತ್ತೆ. ಬಾಗೋ ಗುಣ ಸ್ಟೀಲಿಂದ, ಸವೆಯದ ಗುಣ ಕಾರ್ಬೈಡಿಂದ ತಗೋಬೇಕು, ಹಂಗಾಗಿ ಎರಡನ್ನೂ ಸೇರಿಸಲೇಬೇಕು.

ಕಷ್ಟ ಇರೋದೇ ಈ ಸೇರಿಸೋದ್ರಲ್ಲಿ. ಅಕ್ಕಸಾಲಿಗರು ಬಿಳಿಗಾರ ಹಚ್ಚಿ ಬೆಸುಗೆ ಹಾಕೋದು ನೋಡಿರ್ತೀರ, ಮೂಲತಃ ಇದೂ ಅದೇ, ಎರಡು ಲೋಹದ ಮಧ್ಯೆ ಮೂರನೇ ಲೋಹ ಕರಗಿ ಹರಿದು ಹಿಡ್ಕೋಬೇಕು. ಆದ್ರೆ ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕ್ರೋಮಿಯಂ ಆಕ್ಸೈಡಿನ ಪದರ ಇರುತ್ತೆ, ತುಕ್ಕಿಂದ ಕಾಪಾಡೋದು ಅದೇ, ಬೆಸುಗೆ ಹತ್ತದ ಹಾಗೆ ತಡೆಯೋದೂ ಅದೇ. ಜೊತೆಗೆ ಬಿಸಿಗೆ ಸ್ಟೀಲು ಎಷ್ಟು ಹಿಗ್ಗುತ್ತೋ ಕಾರ್ಬೈಡು ಅದರ ಅರ್ಧದಷ್ಟೇ ಹಿಗ್ಗೋದು. ಲೆಕ್ಕ ಹಾಕಿ ನೋಡಿ, 20 ಮಿಲಿಮೀಟರ್ ಉದ್ದದ ಪಟ್ಟಿಯನ್ನ 650 ಡಿಗ್ರೀಲಿ ಬೆಸೆದು ತಣ್ಣಗೆ ಮಾಡಿದ್ರೆ ಸ್ಟೀಲು ಸುಮಾರು 0.13 ಮಿಲಿಮೀಟರ್ ಕುಗ್ಗುತ್ತೆ, ಕಾರ್ಬೈಡು 0.07. ವ್ಯತ್ಯಾಸ 0.06, ಅಂದ್ರೆ ಒಂದು ಕೂದಲೆಳೆ ದಪ್ಪ. ಕೂದಲೆಳೆ ತಾನೇ ಅನ್ಸುತ್ತೆ, ಆದ್ರೆ ಬೆಸುಗೆಯ ಪದರವೇ ಅಷ್ಟು ದಪ್ಪ ಇರೋದು, ಇಡೀ ಎಳೆದಾಟವನ್ನ ಅದೇ ತಡ್ಕೋಬೇಕು. ಕಲಿಯೋ ಕಾಲದಲ್ಲಿ ಒಂದು ಸಲ ಅವಸರಕ್ಕೆ ಆಗಷ್ಟೇ ಬೆಸೆದ ಲೇತ್ ಟೂಲನ್ನ ನೀರಿಗೆ ಅದ್ದಿಬಿಟ್ಟೆ, ಟಿಣ್ ಅಂತ ಒಂದು ಸಣ್ಣ ಸದ್ದು ಬಂತು, ತೆಗೆದು ನೋಡಿದ್ರೆ ಟಿಪ್ಪಿನ ಅಡ್ಡಕ್ಕೆ ಗೆರೆ. ನಿಧಾನಕ್ಕೆ ಸುಣ್ಣದ ಪುಡೀಲೋ ಬೂದೀಲೋ ಹೂತಿಟ್ಟು ಆರಿಸ್ಬೇಕು ಅಂತ ಮೇಸ್ತ್ರಿ ಹೇಳಿದ್ದು ಯಾಕೆ ಅಂತ ಅವತ್ತು ಅರ್ಥ ಆಯ್ತು. ದೊಡ್ಡ ತುಂಡುಗಳಿಗೆ ಎರಡು ಬೆಸುಗೆ ಪದರದ ಮಧ್ಯೆ ತಾಮ್ರದ ತೆಳು ಹಾಳೆ ಇಡೋದೂ ಉಂಟು, ತಾಮ್ರ ಮೆತ್ತಗಿರೋದ್ರಿಂದ ಅದೇ ಸ್ವಲ್ಪ ಎಳೆದುಕೊಂಡು ಕಾರ್ಬೈಡನ್ನ ಕಾಪಾಡುತ್ತೆ.

ಇನ್ನೊಂದು ಇದೆ. ಹದ ಮಾಡಿರೋ ಸ್ಟೀಲನ್ನ 650 ಡಿಗ್ರಿಗೆ ಕಾಯಿಸಿದ್ರೆ ಅದರ ಹದ ಇಳಿದುಹೋಗುತ್ತೆ, ಅಲಗು ಮೆತ್ತಗಾಗುತ್ತೆ. ಅದಕ್ಕೆ ಒಳ್ಳೇ ತಯಾರಕರು ಸಾವಿರ ಡಿಗ್ರಿ ಆಸುಪಾಸು ಕರಗೋ ಬೆಸುಗೆ ಲೋಹ ಆರಿಸಿ, ಗಾಳಿ ತೆಗೆದ ಕುಲುಮೇಲಿ ಬೆಸುಗೆ ಮತ್ತೆ ಹದ ಎರಡನ್ನೂ ಒಂದೇ ಬಿಸೀಲಿ ಮುಗಿಸ್ತಾರೆ. ಬೆಳ್ಳಿ ಬೆಸುಗೆ ಸುಲಭ, ಆದ್ರೆ ಸತು ಜಾಸ್ತಿ ಇರೋ ಬೆಳ್ಳಿ ಬೆಸುಗೆ ಸ್ಟೇನ್‌ಲೆಸ್ ಮೇಲೆ ನೀರು ತಾಗ್ತಾ ತಾಗ್ತಾ ಅಂಚಿನಿಂದ ಬಿಟ್ಕೊಳ್ಳೋ ಸಾಧ್ಯತೆ ಇದೆ, ಸ್ವಲ್ಪ ನಿಕಲ್ ಸೇರಿಸಿದ್ರೆ ತಡೆಯುತ್ತೆ. ಹಿಂದೆ ಕ್ಯಾಡ್ಮಿಯಂ ಸೇರಿಸ್ತಿದ್ರು, ಚೆನ್ನಾಗಿ ಹರಿಯುತ್ತೆ ಆದ್ರೆ ಅದು ವಿಷ, ವೈದ್ಯಕೀಯ ಉಪಕರಣದ ಹತ್ರ ಸುಳಿಯಲೇಬಾರದು. ನಿಮ್ಮ ಪ್ರಶ್ನೆಗೆ ಸೇರಿದ ಇನ್ನೊಂದು ವಿಷಯ, ವೈದ್ಯಕೀಯ ಉಪಕರಣಗಳ ಬೆಸುಗೆಗೆ ಬಳಸೋ ಒಂದು ಮಿಶ್ರಲೋಹದಲ್ಲಿ 82 ಭಾಗ ಚಿನ್ನ, 18 ಭಾಗ ನಿಕಲ್, ಕರಗೋದು 950 ಡಿಗ್ರಿ ಸುಮಾರಿಗೆ, ಸ್ಟೇನ್‌ಲೆಸ್ ಮೇಲೆ ಚೆನ್ನಾಗಿ ಹರಿಯುತ್ತೆ, ತುಕ್ಕೂ ಹಿಡಿಯಲ್ಲ. ಚಿನ್ನದಿಂದ ನಿಜವಾದ ಉಪಯೋಗ ಆಗೋದು ಇಂಥ ಕಣ್ಣಿಗೆ ಕಾಣದ ಜಾಗದಲ್ಲಿ.

ಈಗ ಕೋಟಿಂಗ್. ಗೊಂದಲ ಶುರುವಾಗೋದೇ ಇಲ್ಲಿ, ಯಾಕಂದ್ರೆ ಟೈಟೇನಿಯಂ ನೈಟ್ರೈಡ್ ಅನ್ನೋ ಕೋಟಿಂಗೂ ಚಿನ್ನದ ಬಣ್ಣಾನೇ. ಅಲಗೇ ಹೊಂಬಣ್ಣ ಇದ್ರೆ, ಮೂಳೆ ಕೊರೆಯೋ ಡ್ರಿಲ್ ಬಿಟ್ ಹೊಳೀತಿದ್ರೆ ಅದು ಬಹುತೇಕ ಇದು, ಹಿಡಿ ಮಾತ್ರ ಚಿನ್ನ ಇದ್ರೆ ಕಾರ್ಬೈಡ್ ಗುರುತು. ಈ ನೈಟ್ರೈಡನ್ನ ಬಳಿಯಲ್ಲ, ಗಾಳಿ ತೆಗೆದ ಪೆಟ್ಟಿಗೇಲಿ ಟೈಟೇನಿಯಮ್ಮನ್ನ ಆವಿ ಮಾಡಿ ನೈಟ್ರೋಜನ್ ಜೊತೆ ಕೂಡಿಸಿ ಉಪಕರಣದ ಮೇಲೆ ಕೂರಿಸ್ತಾರೆ, ಪಿವಿಡಿ ಅಂತಾರೆ. ಬಿಸಿ 500 ಡಿಗ್ರಿ ಒಳಗೇ ಇರುತ್ತೆ, ಇನ್ನೊಂದು ವಿಧಾನ ಸಿವಿಡಿಗೆ ಸುಮಾರು ಸಾವಿರ ಡಿಗ್ರಿ ಬೇಕು, ಹದ ಮಾಡಿದ ಸ್ಟೀಲಿಗೆ ಅದು ಆಗಿಬರಲ್ಲ. ಈ ಪದರದ ಗಡಸುತನ ಅದೇ ವಿಕರ್ಸ್ ಅಳತೇಲಿ 2,000ದ ಮೇಲೆ, ದಪ್ಪ ಬರೀ 2ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಭಾಗ).

ಆದ್ರೆ ಕೋಟಿಂಗ್ ಗಟ್ಟಿ ಅಂದ ಮಾತ್ರಕ್ಕೆ ಕೆಲಸ ಆಗಲ್ಲ. ಹಾಸಿಗೆ ಮೇಲೆ ಹೆಂಚಿಟ್ಟು ತುಳಿದ್ರೆ ಹೆಂಚು ಒಡೆಯುತ್ತೆ, ನೆಲದ ಮೇಲಿಟ್ಟು ತುಳಿದ್ರೆ ತಡೆಯುತ್ತೆ. ಕೆಳಗಿನ ಸ್ಟೀಲು ಮೆತ್ತಗಿದ್ರೆ ಮೇಲಿನ ಪದರ ಬಿರುಕು ಬಿಟ್ಟು ಚಕ್ಕೆ ಏಳುತ್ತೆ, ಅದರ ಚೂರು ರೋಗಿಯ ಗಾಯದಲ್ಲಿ ಉಳಿಯೋ ಅಪಾಯ ಬೇರೆ. ಇನ್ನು ಹೊಸ ಸ್ಕಾಲ್‌ಪೆಲ್ ಬ್ಲೇಡಿನ ಮೊನೆ ಒಂದು ಮೈಕ್ರಾನಿಗಿಂತ ಚೂಪು, ಅದರ ಮೇಲೆ 3 ಮೈಕ್ರಾನ್ ಪದರ ಬಂದ್ರೆ ಹರಿತ ಹೋಗಿ ಮೊಂಡಾಗುತ್ತೆ, ಒಂದೇ ಸಲ ಬಳಸಿ ಎಸೆಯೋ ಬ್ಲೇಡಿಗೆ ಅದು ಬೇಕಾಗೂ ಇಲ್ಲ. ಮತ್ತೆ ಮತ್ತೆ ಬಳಸೋ ಅಲಗಿಗೆ ಒಂದು ಜಾಣ ಉಪಾಯ ಇದೆ, ಒಂದೇ ಮಗ್ಗುಲಿಗೆ ಗಟ್ಟಿ ಪದರ ಕೊಡೋದು. ಇಲಿಯ ಹಲ್ಲು ನೋಡಿ, ಮುಂಭಾಗಕ್ಕೆ ಮಾತ್ರ ಎನಾಮಲ್ ಇರೋದು, ಹಿಂದಿನದು ಮೆತ್ತಗಿದ್ದು ಬೇಗ ಸವೆಯುತ್ತೆ, ಮುಂದಿನ ಗಟ್ಟಿ ಅಂಚು ಯಾವಾಗಲೂ ಉಳಿಯಂತೆ ಚೂಪಾಗೇ ನಿಲ್ಲುತ್ತೆ. ಅದೇ ಲೆಕ್ಕ ಇಲ್ಲೂ ನಡೆಯುತ್ತೆ, ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಮೂಳೆ ಡ್ರಿಲ್ಲಿನಲ್ಲಿ ಸವೆತ ಅಂದ್ರೆ ಬರೀ ಖರ್ಚಿನ ವಿಷಯ ಅಲ್ಲ. ಮೊಂಡು ಬಿಟ್ಟು ಉಜ್ಜಿ ಉಜ್ಜಿ ಮೂಳೆಯನ್ನ ಕಾಯಿಸುತ್ತೆ. 1983ರಲ್ಲಿ ಎರಿಕ್ಸನ್, ಆಲ್‌ಬ್ರೆಕ್ಟ್‌ಸನ್ ಅನ್ನೋರು ಮೊಲದ ಮೂಳೆ ಮೇಲೆ ನೋಡಿದ ಪ್ರಕಾರ 47 ಡಿಗ್ರೀಲಿ ಒಂದು ನಿಮಿಷ ಇದ್ರೆ ಸಾಕು ಮೂಳೆಗೆ ಹಾನಿ ಶುರು, ಆಮೇಲೆ ಸ್ಕ್ರೂ ಸರಿಯಾಗಿ ಹಿಡಿಯದೇ ಹೋಗಬಹುದು. ಬಿಸಿನೀರಿನ ಸ್ನಾನಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಆ ಬಿಸಿ. ಅದಕ್ಕೇ ಮೊಂಡು ಬಿಟ್ಟನ್ನ ಇನ್ನೊಂದು ಕೇಸ್ ಆಗ್ಲಿ ಅಂತ ಉಳಿಸ್ಕೋಬೇಡಿ.

ಇನ್ನು ನಿಮ್ಮ ಕೈಲಿರೋ ವಿಷಯ. ಒಂದು ಸಲ ನನ್ನ ಹತ್ರ ಒಂದು ನೀಡಲ್ ಹೋಲ್ಡರ್ ಬಂತು, ಎಲ್ಲಿಂದ ಅಂತ ಬೇಡ, ಒಂದು ಬದಿಯ ಕಾರ್ಬೈಡ್ ಪೂರ್ತಿ ಕಳಚಿಬಿದ್ದಿತ್ತು. ಲೂಪ್ ಅನ್ನೋ ಭೂತಗನ್ನಡಿ ಹಾಕಿ ನೋಡಿದ್ರೆ ಕೂರಿಸಿದ ಜಾಗದ ಅರ್ಧ ಮಾತ್ರ ಬೆಳ್ಳಗೆ ಬೆಸುಗೆ ಹಿಡಿದಿದ್ದ ಗುರುತು, ಇನ್ನರ್ಧ ಕಪ್ಪಗೆ, ಅಲ್ಲಿಗೆ ಬೆಸುಗೆ ಹರಿದೇ ಇರ್ಲಿಲ್ಲ. ಆ ಸಂದಿಗೆ ರಕ್ತ, ಸಲೈನ್ (ಉಪ್ಪುನೀರು) ಇಳಿದು ಅಂಚೆಲ್ಲಾ ಕಂದು ತಿರುಗಿತ್ತು. ತಯಾರಿಕೆ ತಪ್ಪು ಇತ್ತು ನಿಜ, ಆದ್ರೆ ಅದನ್ನ ಮುಗಿಸಿದ್ದು ಹೈಪೋ, ಅಂದ್ರೆ ಬ್ಲೀಚ್ ದ್ರಾವಣ. ತುಂಬಾ ಕಡೆ ಉಪಕರಣಗಳನ್ನ ಹೈಪೋಕ್ಲೋರೈಟಲ್ಲಿ ನೆನೆಹಾಕಿ ಮರೆತುಬಿಡ್ತಾರೆ. ಕ್ಲೋರೈಡು ಸ್ಟೇನ್‌ಲೆಸ್ಸಿನ ರಕ್ಷಣೆ ಪದರವನ್ನೇ ತೂತು ಮಾಡುತ್ತೆ, ಕಾರ್ಬೈಡಿನ ಕಣಗಳನ್ನ ಹಿಡಿದಿಟ್ಟಿರೋ ಕೋಬಾಲ್ಟನ್ನೂ ತಿನ್ನುತ್ತೆ. ಸಲೈನಲ್ಲಿ ಬಿಡೋದೂ ಕೆಟ್ಟದ್ದೇ. ಬಳಸಿದ ತಕ್ಷಣ ತೊಳೆದು, ನ್ಯೂಟ್ರಲ್ ಎಂಜೈಮ್ ಡಿಟರ್ಜೆಂಟು, ಕೊನೆಗೆ ಆರ್‌ಓ ಅಥವಾ ಡಿಸ್ಟಿಲ್ಡ್ ನೀರು, ಒರೆಸಿ ಒಣಗಿಸಿ, ಕೀಲಿಗೆ ಇನ್‌ಸ್ಟ್ರುಮೆಂಟ್ ಎಣ್ಣೆ, ಆಮೇಲೆ ಲಾಕ್ ಬಿಚ್ಚಿಟ್ಟು ಹಬೇಲಿ ಕ್ರಿಮಿ ಕೊಲ್ಲೋ ಆಟೋಕ್ಲೇವ್. ನಮ್ಮ ಬೋರ್‌ವೆಲ್ ನೀರಲ್ಲಿ ಕೊನೇ ತೊಳೆತ ಮಾಡಿದ್ರೆ ಬರೋ ಕಲೆಯನ್ನ ತುಕ್ಕು ಅನ್ಕೊಂಡು ಸ್ಟೀಲ್ ನಾರಲ್ಲಿ ಉಜ್ಜೋರಿದ್ದಾರೆ, ದಯವಿಟ್ಟು ಬೇಡ. ಕಾರ್ಬೈಡ್ ಇರೋ ಹೋಲ್ಡರಲ್ಲಿ ತಂತಿ ತಿರುಚೋದು, ಅಂಥ ಕತ್ತರೀಲಿ ಪ್ಲಾಸ್ಟರು, ಡ್ರೆಸ್ಸಿಂಗು ಕತ್ತರಿಸೋದೂ ಬೇಡ, ಕಾರ್ಬೈಡಿಗೆ ಸವೆತದ ಭಯ ಕಮ್ಮಿ, ಆದ್ರೆ ತಿರುಚೋ ಬಲಕ್ಕೆ ಒಡೆಯುತ್ತೆ.

ಕಪ್ಪು ಹಿಡಿ ನೋಡಿದ್ರೆ ಅದು ಸೂಪರ್‌ಕಟ್, ಒಂದು ಅಲಗಿಗೆ ರೇಜರ್ ಥರ ಸಾಣೆ ಅಂತ. ಒಂದು ಉಂಗುರ ಕಪ್ಪು ಇನ್ನೊಂದು ಚಿನ್ನ ಇದ್ರೆ ಎರಡೂ ಇದೆ ಅಂತ ಅರ್ಥ.

ಹಾಗಾದ್ರೆ ಜಾಸ್ತಿ ದಿನ ಬಾಳುತ್ತಾ? ಬೆಸುಗೆ ಚೆನ್ನಾಗಿದ್ದು ನಾನು ಮೇಲೆ ಹೇಳಿದ ಹಾಗೆ ನೀವು ನೋಡ್ಕೊಂಡ್ರೆ ಖಂಡಿತ ಬಾಳುತ್ತೆ, ನೀಡಲ್ ಹೋಲ್ಡರಿಗೆ ಕೊಟ್ಟ ದುಡ್ಡು ಸಾರ್ಥಕ ಅಂತ ನಾನು ಯಾರಿಗೆ ಬೇಕಾದ್ರೂ ಹೇಳ್ತೀನಿ, ಸವೆದ್ರೂ ಹಳೇ ತುಂಡು ತೆಗೆದು ಹೊಸದು ಕೂರಿಸ್ಬಹುದು. ಆದ್ರೆ ಹಿಡಿಗೆ ಬಣ್ಣ ಕೊಡೋದು ಯಾರಿಗೂ ಕಷ್ಟ ಅಲ್ಲ, ಬಾಯಿ ನೋಡಿ ತಗೊಳ್ಳಿ. ಹತ್ತು ಪಟ್ಟು ದೊಡ್ಡದು ತೋರಿಸೋ ಲೂಪ್ ಸಾಕು. ಸ್ಟೀಲಿಗಿಂತ ಸ್ವಲ್ಪ ಗಾಢ ಬೂದು ಬಣ್ಣದ ಪಟ್ಟಿ ಕಾಣ್ಬೇಕು, ಅದರ ಸುತ್ತ ಬೆಸುಗೆಯ ಗೆರೆ ಎಲ್ಲೂ ಕಡಿಯದೆ ಒಂದೇ ಸಮ ಓಡಬೇಕು. ಕತ್ತರಿ ಆದ್ರೆ ಸರ್ಜಿಕಲ್ ಗ್ಲೌಸಿನ ತುಂಡನ್ನ ತುದಿಯವರೆಗೂ ಕತ್ತರಿಸಿ ನೋಡಿ, ಎಲ್ಲೂ ಸಿಕ್ಕಿಹಾಕ್ಕೋಬಾರದು. ಬೆಸುಗೆಯ ಗೆರೇಲಿ ಕಂದು ಬಣ್ಣ ಕಂಡ್ರೆ, ಉಗುರಿನ ತುದಿ ಸಿಕ್ಕಿದ್ರೆ, ಅದನ್ನ ಸೆಟ್ಟಿನಿಂದ ಪಕ್ಕಕ್ಕಿಟ್ಟು ಚೀಟಿ ಅಂಟಿಸಿ ರಿಪೇರಿಗೆ ಕಳಿಸಿ.