ಮೋಡದಾಚೆಯ ತಣ್ಣನೆ ಮೋಡ

ಆಗಸ್ಟ್ ತಿಂಗಳ ಒಂದು ರಾತ್ರಿ, ಹನ್ನೊಂದು ಗಂಟೆ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ ತಾರಸಿಯ ಮೇಲೆ ತಗಡಿನ ದೊಡ್ಡ ಲಾಳಿಕೆ ಇಟ್ಟು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆ. ಪಕ್ಕದ ಮನೆಯವರು ಕೇಳಿದರು: "ಮಾಸ್ತರ್ರೇ, ಕಾಳಿ ನದಿನೇ ಕಾಣ್ತಾ ಇಲ್ಲ, ಈ ಮಳೇಲಿ ನಕ್ಷತ್ರ ಹೆಂಗೆ ಕಾಣ್ತದೆ?"

ನಕ್ಷತ್ರ ಕಾಣುವುದಿಲ್ಲ, ನಿಜ. ನನಗೆ ಬೇಕಿದ್ದದ್ದು ನಕ್ಷತ್ರಗಳ ನಡುವಿನ ತಣ್ಣನೆ ಹೈಡ್ರೋಜನ್. ಅದು ಹೊರಡಿಸುವ ರೇಡಿಯೊ ಅಲೆಯ ಉದ್ದ 21 ಸೆಂಟಿಮೀಟರ್. ಅದನ್ನು ಹಿಡಿಯುವ ಆಂಟೆನಾವೇ ಈ ಲಾಳಿಕೆ. ಮಳೆಮೋಡ, ಪ್ಲಾಸ್ಟಿಕ್ ಎರಡನ್ನೂ ಅದು ದಾಟಿ ಬರುತ್ತದೆ. ಮೇಲೆ ತಗಡಿನ ಮಾಡು ಇದ್ದರೆ ಮಾತ್ರ ಆಗುವುದಿಲ್ಲ.

ಈ ಹೈಡ್ರೋಜನ್ ಮೋಡ ಎಷ್ಟು ತೆಳು ಅಂತ ಮಕ್ಕಳಿಗೆ ಹೇಳುವುದೇ ಕಷ್ಟ. ಬೆಲ್ಲದ ಸಣ್ಣ ಚೂರಿನಷ್ಟು ಜಾಗ, ಒಂದು ಘನ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟರೊಳಗೆ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿರುತ್ತವೆ. ಅಲ್ಲಿ ಹತ್ತಾರು ಪರಮಾಣು, ಅಷ್ಟೇ. ಚಳಿ ಮೈನಸ್ 200 ಡಿಗ್ರಿಯ ಆಸುಪಾಸು.

ಹೈಡ್ರೋಜನ್ ಪರಮಾಣುವಿನ ಪ್ರೋಟಾನ್, ಎಲೆಕ್ಟ್ರಾನ್ ಎರಡೂ ಪುಟ್ಟ ಅಯಸ್ಕಾಂತಗಳ ಹಾಗೆ. ಎರಡರ ಸ್ಪಿನ್, ಅಂದರೆ ಬುಗುರಿಯ ಹಾಗೆ ತಿರುಗುವಂಥ ಗುಣ, ಒಂದೇ ದಿಕ್ಕಿಗಿದ್ದರೆ ಶಕ್ತಿ ಚೂರು ಜಾಸ್ತಿ. ಎಲೆಕ್ಟ್ರಾನ್ ಮಗುಚಿಕೊಂಡಾಗ ಆ ಚೂರು ಶಕ್ತಿಯೇ 1420 ಮೆಗಾಹರ್ಟ್ಸ್‌ನ ಅಲೆಯಾಗಿ ಹೊರಬೀಳುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ಒಂದು ಪರಮಾಣು ಹೀಗೆ ಮಗುಚಲು ಸರಾಸರಿ 1.1 ಕೋಟಿ ವರ್ಷ ಬೇಕು. ಆಗದ ಹೋಗದ ಮಾತು ಅನಿಸುತ್ತದೆ, ಅಲ್ವಾ? ಆದರೆ ಆಕಾಶಗಂಗೆಯ ತುಂಬ ಇರುವ ಹೈಡ್ರೋಜನ್‌ಗೆ ಲೆಕ್ಕವೇ ಇಲ್ಲ. ಹಾಗಾಗಿ ಅಲೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಇಂಥ ಅಲೆ ಸಿಗಬೇಕು ಅಂತ 1944ರಲ್ಲಿ ಹೇಳಿದವರು ನೆದರ್ಲೆಂಡ್ಸ್‌ನ ಖಗೋಳ ವಿಜ್ಞಾನಿ ವಾನ್ ಡೆ ಹುಲ್ಸ್ಟ್. 1951ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿಗಳಾದ ಯೂಯೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಅವರದೂ ಲಾಳಿಕೆಯೇ, ಕಿಟಕಿಯಿಂದ ಹೊರಚಾಚಿದ್ದು. ಮಳೆ ಬಂದರೆ ನೀರು ಅದರೊಳಗಿಂದ ಲ್ಯಾಬಿಗೇ ಇಳಿಯುತ್ತಿತ್ತಂತೆ. ನನ್ನ ಪ್ಲಾಸ್ಟಿಕ್ ಹಾಳೆ ಅದಕ್ಕೇ.

ನಮ್ಮಲ್ಲಿ ಮಳೆಗಿಂತ ಉಪ್ಪುಗಾಳಿಯ ಕಾಟ ಜಾಸ್ತಿ. ಆ ವಾರ ಮೂರು ರಾತ್ರಿ ಏನೂ ಸಿಗಲಿಲ್ಲ. ಬಿಚ್ಚಿ ನೋಡಿದರೆ ಆಂಪ್ಲಿಫೈಯರಿನ ಕನೆಕ್ಟರ್ ಒಳಗೆ ಹಸಿರು ಕಿಲುಬು. ಉಜ್ಜಿ ತೆಗೆದು ಮತ್ತೆ ಜೋಡಿಸಿದೆ. ಲಾಳಿಕೆಯನ್ನು ಮೊದಲು ಗೋಡೆಗೆ ತಿರುಗಿಸಿದೆ. ರೇಡಿಯೊ ಗದ್ದಲ ಏರಿತು. ಬೆಚ್ಚಗಿನ ವಸ್ತು ಹೆಚ್ಚು ರೇಡಿಯೊ ಅಲೆ ಹೊರಡಿಸುತ್ತದೆ, ಗೋಡೆ ಆಕಾಶಕ್ಕಿಂತ ಬೆಚ್ಚಗಿರುವುದರಿಂದ ಏರಲೇಬೇಕು. ಉಪಕರಣ ಸರಿಯಿದೆ ಅಂತಾಯ್ತು. ಆಮೇಲೆ ರಾಜಹಂಸ ನಕ್ಷತ್ರಪುಂಜದ ಕಡೆ ತಿರುಗಿಸಿದೆ. ಅರ್ಧ ಗಂಟೆಯ ಸಿಗ್ನಲ್ ಕೂಡಿಸಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಒಂದರ ಪಕ್ಕ ಒಂದು, ಮೂರು ದಿಬ್ಬ ಎದ್ದವು. ಆಕಾಶಗಂಗೆಯ ಬೇರೆ ಬೇರೆ ಸುರುಳಿ ತೋಳುಗಳ ಅನಿಲ ಅದು. ನಮ್ಮ ಕಡೆಗೆ ಜೋರಾಗಿ ಬರುತ್ತಿರುವುದರ ಆವರ್ತನ ಅಷ್ಟು ಹೆಚ್ಚಾಗಿ, ದಿಬ್ಬ ಬಲಕ್ಕೆ ಸರಿದು ಕಾಣುತ್ತದೆ. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. ಅವರು ಕೊಡೆ ಹಿಡಿದುಕೊಂಡೇ ತುಂಬ ಹೊತ್ತು ನೋಡಿದರು.

ಇನ್ನೂ ತಣ್ಣಗಿರುವ, ಮೈನಸ್ 260 ಡಿಗ್ರಿಯ ಮೋಡಗಳಿವೆ. ಅಲ್ಲಿ ದೂಳಿನ ಕಣಗಳ ಮೇಲೆ ಪರಮಾಣುಗಳು ಎರಡೆರಡು ಸೇರಿ ಅಣುವಾಗಿರುತ್ತವೆ. ಅಣುವಿನಿಂದ ಈ 21 ಸೆಂಟಿಮೀಟರ್ ಅಲೆ ಬರುವುದಿಲ್ಲ. ಹೊಸ ನಕ್ಷತ್ರ ಹುಟ್ಟುವುದು ಅಲ್ಲೇ, ನನ್ನ ಲಾಳಿಕೆಗೆ ಏನೂ ಕೇಳಿಸದ ಕಡೆ. ಆದರೆ ಆ ಮೋಡ ನೋಡಲು ಕಣ್ಣು ಸಾಕು. ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ, ಚಂದ್ರ ಇಲ್ಲದ ಸಂಜೆ, ದೀಪ ಕಮ್ಮಿ ಇರುವ ಯಾವುದಾದರೂ ಕಡಲ ದಂಡೆಗೆ ಹೋಗಿ ತಲೆ ಎತ್ತಿ. ರಾಜಹಂಸದ ಹತ್ತಿರ ಆಕಾಶಗಂಗೆ ಎರಡಾಗಿ ಸೀಳಿದಂತೆ ಕಾಣುತ್ತದೆ. ದೂಳು ಹಿಂದಿನ ಬೆಳಕನ್ನು ಮರೆಮಾಡಿದ, ನಡುವಿನ ಆ ಕಪ್ಪು ಪಟ್ಟೆಯೇ ಅದು.